ಬಳ್ಳಿ ಬೀನ್ಸ್: ಒಂದು ಮಡಿಯಲ್ಲಿ ಹೂ ನಿಲ್ಲುತ್ತಿಲ್ಲ, ಇನ್ನೊಂದರಲ್ಲಿ ಹೂವೇ ಇಲ್ಲ

ಹಿತ್ತಲ ಮಡಿ (ತುಮಕೂರು)

ನಮಸ್ಕಾರ. ಮನೆ ಹಿಂದೆ 10 ಅಡಿ ಉದ್ದ, 4 ಅಡಿ ಅಗಲದ ಎರಡು ಮಡಿ. ಕೆಂಪು ಮಣ್ಣು, ಬೋರ್‌ವೆಲ್ ನೀರು, ಬೆಳಿಗ್ಗೆ 8ರಿಂದ ಸಂಜೆ 4ರವರೆಗೆ ಬಿಸಿಲು. ಜನವರಿ ಕೊನೆಗೆ ಎರಡರಲ್ಲೂ ಬಳ್ಳಿ ಬೀನ್ಸ್ ಹಾಕಿದ್ದು. ಈಗ ಮೇ ಎರಡನೇ ವಾರ. ಇಲ್ಲಿಯವರೆಗೆ ಸಿಕ್ಕಿದ್ದು ಎರಡು ಹಿಡಿ ಕಾಯಿ.

ಮಡಿ 1: ಅಂಗಡಿ ಪ್ಯಾಕೆಟ್ಟಿನ ಬೀಜ. ಐದಡಿ ಹತ್ತಿದೆ. ಮಾರ್ಚ್ ಮಧ್ಯದಲ್ಲಿ ಬಿಟ್ಟ ಮೊದಲ ಹೂಗಳಲ್ಲಿ ಸ್ವಲ್ಪ ಕಾಯಿ ಕಚ್ಚಿತು. ಏಪ್ರಿಲ್‌ನಿಂದ ಬಿಟ್ಟ ಹೂವೆಲ್ಲ ಎರಡು ದಿನದಲ್ಲಿ ನೆಲಕ್ಕೆ. ಎಲೆ ಮೇಲೆ ಬಿಳಿ ಚುಕ್ಕಿ, ಕೆಳಗೆ ಧೂಳು ಹಿಡಿದ ಹಾಗಿದೆ.

ಮಡಿ 2: ಪಕ್ಕದ ಮನೆಯವರು "ಬಳ್ಳಿ ಬೀನ್ಸ್" ಅಂತ ಕೊಟ್ಟ ಬೀಜ. ಹತ್ತಡಿ ದಾಟಿ ಕಾಂಪೌಂಡ್ ಮೇಲೆ ಹರಡಿದೆ. ಎಲೆ ಕಡುಹಸಿರು, ಬಳ್ಳಿ ಹೆಬ್ಬೆರಳು ದಪ್ಪ. ಒಂದೇ ಒಂದು ಹೂ ಇಲ್ಲ.

ಗೊಬ್ಬರ: ನಾಟಿಗೆ ಮೊದಲು ಕೋಳಿ ಗೊಬ್ಬರ ಮಡಿಗೆ ಒಂದು ಚೀಲ. ಆಮೇಲೆ ವಾರಕ್ಕೊಮ್ಮೆ ಕಡಲೆ ಹಿಂಡಿ ನೆನೆಸಿದ ನೀರು. ಆಸರೆಗೆ ಒಂದೂವರೆ ಇಂಚಿನ ಪಿವಿಸಿ ಪೈಪು. ಬಳ್ಳಿ ಜಾರುತ್ತದೆ ಅಂತ ಅಲ್ಲಲ್ಲಿ ಕಟ್ಟಿದ್ದೇನೆ.

ಇದು ಗೊಬ್ಬರದ ಕೊರತೆಯೋ, ರೋಗವೋ? ಎರಡನ್ನೂ ಕಿತ್ತು ಮತ್ತೆ ಹಾಕಬೇಕಾ?

---

ಚಿಗುರು ಚಿವುಟು (ಮೈಸೂರು)

ಹೂ ಉದುರುವುದಕ್ಕೆ ಪರಾಗಸ್ಪರ್ಶ ಆಗದಿರುವುದೇ ಕಾರಣ. ಜೇನು ಬರದಿದ್ದರೆ ಸಣ್ಣ ಬ್ರಷ್‌ನಿಂದ ಬೆಳಿಗ್ಗೆ ಹೂವಿಂದ ಹೂವಿಗೆ ಮುಟ್ಟಿಸಿ. ಮಡಿ 2ಕ್ಕೆ ಒಂದು ಚಮಚ ಯೂರಿಯಾ ಕೊಟ್ಟು ನೋಡಿ. ಮುಂದಿನ ಸಲ ಬೀಜವನ್ನು ರಾತ್ರಿಯಿಡೀ ನೆನೆಸಿ ಹಾಕಿ, ಬೇಗ ಏಳುತ್ತದೆ.

---

ಕಾಳುಬೀಜ (ಹಾಸನ)

ಮೈಸೂರಿನವರೇ, ಬೇಜಾರಾಗಬೇಡಿ, ಈ ಮೂರೂ ಇಲ್ಲಿಗೆ ಹೊಂದುವುದಿಲ್ಲ. ಕುಂಬಳ, ಹೀರೆ, ಸೌತೆಗಾದರೆ ಬ್ರಷ್ ಸರಿ. ಹುರುಳಿಕಾಯಿ, ಅಂದರೆ ನಿಮ್ಮ ಬೀನ್ಸ್, ಹೂ ಅರಳುವ ಹೊತ್ತಿಗೇ ಒಳಗೆ ಸ್ವಂತ ಪರಾಗ ತಾಗಿರುತ್ತದೆ; ಜೇನು ಬಂದರೂ ಬಾರದಿದ್ದರೂ ಕಾಯಿ ಕಚ್ಚಬೇಕು. ಯೂರಿಯಾ ಹಾಕಿದರೆ ಮಡಿ 2ರ ಬಳ್ಳಿ ಇನ್ನೂ ಐದಡಿ ಓಡುತ್ತದೆ, ಅಷ್ಟೇ. ನೆನೆಸುವ ವಿಷಯ ಕೆಳಗೆ ಬರೆಯುತ್ತೇನೆ.

ತುಮಕೂರಿನವರೇ, ನಿಮ್ಮ ಎರಡು ಮಡಿಗಳಲ್ಲಿ ಎರಡು ಬೇರೆ ಬೇರೆ ಕಾರಣ ಇದೆ, ಒಂದೇ ಔಷಧಿ ಹುಡುಕಬೇಡಿ.

ಮಡಿ 1ರದು ಬಿಸಿಲು. ಹುರುಳಿಕಾಯಿ 15ರಿಂದ 25 ಡಿಗ್ರಿಯ ಹವೆಯ ಬೆಳೆ. ಹಗಲು 32 ಡಿಗ್ರಿ ದಾಟಿ, ರಾತ್ರಿಯೂ ಸೆಖೆ ಇಳಿಯದಿದ್ದರೆ ಪರಾಗ ಜಳ್ಳಾಗುತ್ತದೆ. ತುಮಕೂರಿನಲ್ಲಿ ಏಪ್ರಿಲ್ ಮಧ್ಯಾಹ್ನ 35 ದಾಟುವುದು ಹೊಸತೇನಲ್ಲ. ಮಾರ್ಚ್ ಮಧ್ಯದ ಹೂ ಕಾಯಿಯಾಗಿ ಏಪ್ರಿಲ್‌ನ ಹೂ ಉದುರಿದ್ದೇ ಇದಕ್ಕೆ ಸಾಕ್ಷಿ. ಗಿಡವೂ ಅದೇ, ಗೊಬ್ಬರವೂ ಅದೇ, ಬದಲಾಗಿದ್ದು ಹವೆ ಒಂದೇ. ನಾಳೆ ಬೆಳಿಗ್ಗೆ ಬಿದ್ದ ಹೂವೊಂದನ್ನು ಅಂಗೈಯಲ್ಲಿಟ್ಟು ಬಿಡಿಸಿ ನೋಡಿ. ದೊಡ್ಡ ದಳ ತೆಗೆದರೆ ಒಳಗೆ ಶಂಖದ ಸುರುಳಿಯಂತೆ ಸುತ್ತಿಕೊಂಡ ದಳ ಇರುತ್ತದೆ, ಅದನ್ನು ಉಗುರಿನಿಂದ ಸೀಳಿದರೆ ಸೂಜಿಮೊನೆಯಷ್ಟು ಹಸಿರು ಎಳೆಕಾಯಿ. ಅದು ಒಂದು ಚೂರೂ ಉಬ್ಬದೆ, ತೂತಿಲ್ಲದೆ, ಹಿಕ್ಕೆ ಇಲ್ಲದೆ ಇದ್ದರೆ ಸೆಖೆಯೋ ನೀರಿನ ಕೊರತೆಯೋ. ಒಳಗೆ ಕಪ್ಪು ಹಿಕ್ಕೆ, ಕೊರೆದ ಗುರುತು ಇದ್ದರೆ ಹುಳ.

ಬಿಳಿ ಚುಕ್ಕಿ, ಧೂಳು ಅಂದಿರಲ್ಲ, ಅದು ಧೂಳಲ್ಲ, ನುಸಿ. ಎಲೆಯನ್ನು ಬಿಳಿ ಕಾಗದದ ಮೇಲೆ ತಟ್ಟಿ. ಬಿದ್ದ ಚುಕ್ಕೆ ಅರ್ಧ ನಿಮಿಷದಲ್ಲಿ ಹರಿದಾಡಲು ಶುರುಮಾಡಿದರೆ ನುಸಿಯೇ. ಒಣ ಹವೆಯಲ್ಲಿ ಇದು ಬಾರದೆ ಇರುವುದೇ ವಿಶೇಷ. ಮಡಿ 1ಕ್ಕೆ ನೂರು ದಿನ ಆಗಿಹೋಗಿದೆ, ಬಳ್ಳಿಯ ಆಯಸ್ಸೂ ಮುಗಿಯಿತು. ಔಷಧಿಗೆ ದುಡ್ಡು ಹಾಕಬೇಡಿ. ಬಳ್ಳಿಯನ್ನು ಬುಡದಲ್ಲಿ ಕತ್ತರಿಸಿ, ಬೇರು ಮಣ್ಣಲ್ಲೇ ಬಿಡಿ.

ಮಡಿ 2: ನನ್ನ ಅನುಮಾನ, ಅದು ಬೀನ್ಸೇ ಅಲ್ಲ, ಚಪ್ಪರದವರೆ. ಬೀಜ ಉಳಿದಿದ್ದರೆ ಒಂದನ್ನು ಕೈಯಲ್ಲಿ ಹಿಡಿದು ಅಂಚು ನೋಡಿ. ಅವರೆಕಾಳಾದರೆ ಒಂದು ಅಂಚಿನುದ್ದಕ್ಕೂ ಬಿಳಿಯ, ಸ್ವಲ್ಪ ಉಬ್ಬಿದ ಪಟ್ಟಿ ಇರುತ್ತದೆ, ಕಾಳಿಗೆ ಬಿಳಿ ಟೋಪಿ ಹಾಕಿದ ಹಾಗೆ. ಹುರುಳಿಕಾಯಿ ಬೀಜ ಮೂತ್ರಪಿಂಡದ ಆಕಾರ, ಒಳಬಾಗಿನ ನಡುವೆ ಎಳ್ಳಿನಷ್ಟು ಚಿಕ್ಕ ಕಣ್ಣು ಮಾತ್ರ. ಇಷ್ಟು ನೋಡಿ ಹೇಳಿ, ಮುಂದಿನದು ಆಮೇಲೆ.

---

ಹಿತ್ತಲ ಮಡಿ (ತುಮಕೂರು)

ನಾಲ್ಕು ಬೀಜ ಉಳಿದಿತ್ತು. ಬಿಳಿ ಪಟ್ಟಿ ಇದೆ! ಕಂದು ಬೀಜ, ಅಂಚಿನಲ್ಲಿ ಉದ್ದಕ್ಕೆ. ಮಡಿ 1ರ ಬಿದ್ದ ಹೂವಿನಲ್ಲಿ ಹುಳ ಇಲ್ಲ. ಕಾಗದದ ಮೇಲೆ ಚುಕ್ಕೆಗಳು ಓಡಾಡಿದವು, ಕೆಂಪು ಕೆಂಪಾಗಿ.

ಚಪ್ಪರದವರೆ ಆದರೆ ಹೂವೇಕಿಲ್ಲ? ಇಷ್ಟು ಚೆನ್ನಾಗಿ ಬೆಳೆದಿದೆ.

---

ಕಾಳುಬೀಜ (ಹಾಸನ)

ಹಾಗಾದರೆ ಅವರೆಯೇ. ಅದು ಹೂ ಬಿಡುವುದು ಗೊಬ್ಬರ ನೋಡಿ ಅಲ್ಲ, ಹಗಲಿನ ಉದ್ದ ನೋಡಿ. ನಾಟಿ ಅವರೆಗೆ, ಚಪ್ಪರದವರೆಗೆ ಹಗಲು ಕುಗ್ಗಬೇಕು. ನಮ್ಮ ಕಡೆ ಜೂನ್‌ನಲ್ಲಿ ಹಗಲು ಸುಮಾರು 12 ಗಂಟೆ 50 ನಿಮಿಷ, ಡಿಸೆಂಬರ್‌ನಲ್ಲಿ 11 ಗಂಟೆ 20 ನಿಮಿಷ. ಈ ಒಂದೂವರೆ ಗಂಟೆಯ ವ್ಯತ್ಯಾಸವನ್ನು ಆ ಬಳ್ಳಿ ಲೆಕ್ಕ ಇಟ್ಟುಕೊಳ್ಳುತ್ತದೆ. ಅವರೆಕಾಯಿ ಸಂಕ್ರಾಂತಿ ಆಸುಪಾಸಿನಲ್ಲೇ ಮಾರುಕಟ್ಟೆ ತುಂಬುವುದು, ಸೊಗಡು ಆಗಲೇ ಬರುವುದು ಇದಕ್ಕೇ. ಜನವರಿ ಕೊನೆಗೆ ಬೀಜ ಹಾಕಿದರೆ ಬಳ್ಳಿ ಬೆಳೆಯುವ ಹೊತ್ತಿಗೆ ಹಗಲು ಉದ್ದವಾಗುತ್ತಾ ಹೋಗಿರುತ್ತದೆ, ಹೂವಿನ ಮಾತೇ ಇಲ್ಲ. ಅದರ ಮೇಲೆ ನೀವು ಹಿಂಡಿ ನೀರು ಬೇರೆ ಕುಡಿಸಿದ್ದೀರಿ.

ಹೊಲದಲ್ಲಿ ಹಾಕುವ ಗಿಡ್ಡ ತಳಿಗಳ ಕಥೆ ಬೇರೆ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಜಯ್, ಅರ್ಕಾ ವಿಜಯ್ ಹಗಲಿನ ಉದ್ದಕ್ಕೆ ಕಾಯುವುದಿಲ್ಲ, ವರ್ಷದ ಯಾವ ಕಾಲದಲ್ಲೂ ಕಾಯಿ ಬಿಡುತ್ತವೆ. ಆದರೆ ಅವು ಬಳ್ಳಿಯಲ್ಲ, ಪೊದೆ.

ನಿಮ್ಮ ಬಳ್ಳಿಯನ್ನು ಕೀಳಬೇಡಿ. ಗೊಬ್ಬರ ಇವತ್ತಿಂದಲೇ ನಿಲ್ಲಿಸಿ. ಜುಲೈ ಕೊನೆಯಲ್ಲಿ ನಾಲ್ಕಡಿಗೆ ಕತ್ತರಿಸಿ, ಬುಡಕ್ಕೆ ಒಂದು ಬುಟ್ಟಿ ಕೊಟ್ಟಿಗೆ ಗೊಬ್ಬರ, ಎರಡು ಹಿಡಿ ಬೂದಿ ಕೊಡಿ. ಹೊಸ ಚಿಗುರು ಚಪ್ಪರಕ್ಕೆ ಹಬ್ಬಲಿ. ನವೆಂಬರ್ ಹೊತ್ತಿಗೆ ಎಲೆಗಿಂತ ಎತ್ತರಕ್ಕೆ ನೆಟ್ಟಗೆ ನಿಲ್ಲುವ ಹೂಗೊಂಚಲು ಬರುತ್ತದೆ. ಒಂದು ಮನೆಗೆ ಎರಡು ಬುಡ ಧಾರಾಳ. ಉಳಿದವನ್ನು ತೆಗೆದು ಜಾಗ ಮಾಡಿಕೊಳ್ಳಿ. ಮುಂದಿನ ಸಲ ಬೀಜ ಹಾಕುವುದಾದರೆ ಜುಲೈನಲ್ಲಿ ಹಾಕಿ. ಮೊದಲೇ ಹಾಕಿದರೆ ಹೂ ಮೊದಲೇ ಬರುವುದಿಲ್ಲ, ಬಳ್ಳಿ ಮಾತ್ರ ನಿಮ್ಮ ತಲೆ ಮೇಲೆ ಏರುತ್ತದೆ.

ಇನ್ನು ಬೀನ್ಸ್. ತುಮಕೂರಿಗೆ ಎರಡು ಸಲ: ಜೂನ್ ಮಧ್ಯದಿಂದ ಜುಲೈ, ಮತ್ತೆ ಸೆಪ್ಟೆಂಬರ್ ಕೊನೆಯಿಂದ ನವೆಂಬರ್. ಬೀಜ ಕೇಳುವಾಗ "ಬಳ್ಳಿ ತಳಿ" ಅಂತ ಒತ್ತಿ ಕೇಳಿ. ಅರ್ಕಾ ಕೋಮಲ್, ಅರ್ಕಾ ಸುವಿಧಾ, ಅರ್ಕಾ ಅನೂಪ್ ಮೂರೂ ಗಿಡ್ಡ ಗಿಡದ ತಳಿ, ಕೋಲು ಕೊಟ್ಟರೂ ಹತ್ತುವುದಿಲ್ಲ. ಅದೇ ಸಂಸ್ಥೆಯ ಅರ್ಕಾ ಸುಕೋಮಲ್ ಬಳ್ಳಿ ತಳಿ: ಆರು ಅಡಿಗೂ ಮೇಲೆ ಹೋಗುತ್ತದೆ, ಕಾಯಿಗೆ ನಾರಿಲ್ಲ, ತುಕ್ಕು ರೋಗ ತಡೆದುಕೊಳ್ಳುತ್ತದೆ. ಹೆಸರು ಕೋಮಲ್, ಸುಕೋಮಲ್ ಅಂತ ಒಂದಕ್ಷರದ ವ್ಯತ್ಯಾಸ, ಅಂಗಡಿಯಲ್ಲಿ ಅದಲುಬದಲಾಗುವುದು ಅಲ್ಲೇ.

ಮಡಿ ತಯಾರಿ, ನಿಮ್ಮ 40 ಚದರಡಿಗೆ: ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಕಾಂಪೋಸ್ಟ್ 10 ಕೆ.ಜಿ., ಬೇವಿನ ಹಿಂಡಿ 400 ಗ್ರಾಂ, ಸೂಪರ್ ಫಾಸ್ಫೇಟ್ 200 ಗ್ರಾಂ. ಮೇಲಿನ ಅರ್ಧ ಅಡಿ ಮಣ್ಣಿಗೆ ಬೆರೆಸಿ, ನೀರು ಕೊಟ್ಟು ಒಂದು ವಾರ ಬಿಡಿ. ನಿಮ್ಮಲ್ಲಿ ಕೋಳಿ ಗೊಬ್ಬರ ಒಂದು ಚೀಲ ಆಗಲೇ ಬಿದ್ದಿದೆ, ಹಾಗಾಗಿ ಈ ಸಲ ಮಡಿ 1ಕ್ಕೆ ಕಾಂಪೋಸ್ಟ್ 5 ಕೆ.ಜಿ. ಸಾಕು, ಸಾರಜನಕದ ಬೇರೇನೂ ಬೇಡ. ದ್ವಿದಳ ಬೆಳೆ, ಸಾರಜನಕ ತಾನೇ ಮಾಡಿಕೊಳ್ಳುತ್ತದೆ ಅನ್ನುವ ಮಾತು ಹುರುಳಿಕಾಯಿಗೆ ಅರ್ಧ ಮಾತ್ರ ನಿಜ. ಅಲಸಂದೆ, ಅವರೆಯಷ್ಟು ಅದಕ್ಕೆ ಆಗುವುದಿಲ್ಲ. ಬಡ ಮಣ್ಣಲ್ಲಿ 20ನೇ ದಿನ ಎಲೆ ತೆಳು ಹಳದಿ ಇದ್ದರೆ ಮಾತ್ರ ಒಂದು ಸಲ ಹಿಂಡಿ ನೀರು ಕೊಡಿ, ಹತ್ತು ಪಾಲು ನೀರಿಗೆ ಒಂದು ಪಾಲು. ವಾರವಾರ ಬೇಡ.

ಬೀಜ: ಒಂದು ಇಂಚು ಆಳ, ಅರ್ಧ ಅಡಿಗೊಂದು. ನೆನೆಸುವುದೇ ಬೇಡ. ಹುರುಳಿಕಾಯಿ ಬೀಜದ ಸಿಪ್ಪೆ ತೆಳು. ರಾತ್ರಿಯಿಡೀ ನೆನೆಸಿದರೆ ಒಮ್ಮೆಲೇ ಉಬ್ಬಿ ಬೇಳೆ ಬಿರುಕು ಬಿಡುತ್ತದೆ, ಆ ಬಿರುಕಿನಿಂದ ಮಣ್ಣಲ್ಲಿ ಕೊಳೆಯುತ್ತದೆ. ಹಿಂದಿನ ದಿನ ಮಡಿಗೆ ಚೆನ್ನಾಗಿ ನೀರು ಕೊಟ್ಟು, ಮರುದಿನ ಹದದಲ್ಲಿ ಬೀಜ ಊರಿ, ಮೊಳಕೆ ಕಾಣುವವರೆಗೆ ಮತ್ತೆ ನೀರು ಸುರಿಯದಿದ್ದರೆ ಸಾಕು. 6–8 ದಿನಕ್ಕೆ ಎರಡು ಬೇಳೆ ಹೊತ್ತುಕೊಂಡು ಮೇಲೆ ಬರುತ್ತದೆ. ಆ ಮೂರು ದಿನ ಹಕ್ಕಿ ಕಾಟ, ಹಳೇ ಸೊಳ್ಳೆ ಪರದೆ ಹಾಸಿ. ಟ್ರೇಯಲ್ಲಿ ಎಬ್ಬಿಸಿ ಕಿತ್ತು ನೆಡಬೇಡಿ, ಬೇರು ಕದಲಿದರೆ ವಾರ ಕಳೆದರೂ ಚೇತರಿಸುವುದಿಲ್ಲ.

---

ಬಿದಿರುಗಳ (ಶಿರಸಿ)

ಆಸರೆ ಬಗ್ಗೆ ಯಾರೂ ಹೇಳಲಿಲ್ಲ, ಅಲ್ಲೇ ಅರ್ಧ ಬೆಳೆ ಹೋಗುವುದು.

ಬೀನ್ಸಿಗೆ ಸೌತೆ, ಹೀರೆಯ ಹಾಗೆ ಹಿಡಿಕೊಕ್ಕೆಯಂಥ ಕುಡಿಬಳ್ಳಿ ಇಲ್ಲ. ಕಾಂಡವೇ ಸುತ್ತಿ ಹತ್ತಬೇಕು. ನುಣುಪಾದ ಒಂದೂವರೆ ಇಂಚಿನ ಪಿವಿಸಿ ಪೈಪಿಗೆ ಎಳೆ ಬಳ್ಳಿಯ ಹಿಡಿತ ಸಿಕ್ಕುವುದಿಲ್ಲ, ಮಳೆ ಬಂದರೆ ಸೀರೆ ಜಾರಿದ ಹಾಗೆ ಬುಡಕ್ಕೆ ಕುಸಿಯುತ್ತದೆ. ಪೈಪು ಇದ್ದೇ ಇದೆ ಅಂದರೆ ಪ್ರತಿ ಪೈಪಿನ ಪಕ್ಕ ಒಂದೊಂದು ಹುರಿ ಇಳಿಬಿಡಿ, ಬಳ್ಳಿ ಹುರಿ ಹತ್ತಲಿ, ಪೈಪು ಚೌಕಟ್ಟು ಮಾತ್ರ.

ಇನ್ನೊಂದು. ಬಳ್ಳಿಯನ್ನು ಕೈಯಲ್ಲಿ ಸುತ್ತುವಾಗ ದಿಕ್ಕು ನೋಡಿ. ಬೀನ್ಸ್ ಯಾವಾಗಲೂ ಅಪ್ರದಕ್ಷಿಣೆ. ಮೇಲಿಂದ ನೋಡಿದರೆ ಗಡಿಯಾರದ ಮುಳ್ಳಿಗೆ ಎದುರು ದಿಕ್ಕಿನಲ್ಲಿ ಸುತ್ತುತ್ತದೆ. ನಾವು ಅಭ್ಯಾಸಬಲದಿಂದ ಪ್ರದಕ್ಷಿಣೆ ಸುತ್ತಿಸಿ ದಾರ ಕಟ್ಟಿ ಬಂದರೆ ಮರುದಿನ ಅದು ಬಿಚ್ಚಿಕೊಂಡು ಗಾಳಿಯಲ್ಲಿ ತೂಗುತ್ತಿರುತ್ತದೆ. "ಜಾರುತ್ತದೆ ಅಂತ ಕಟ್ಟಿದ್ದೇನೆ" ಅಂದಿರಲ್ಲ, ಒಮ್ಮೆ ಪರೀಕ್ಷೆ ಮಾಡಿ.

10 ಅಡಿ ಮಡಿಗೆ ನಾನು ಹೇಳುವುದು ಹೆಂಚಿನ ಮಾಡಿನ ಆಕಾರದ ಚೌಕಟ್ಟು:

ಎಂಟಡಿಯ ಸರ್ವೆ ಕೋಲು ಅಥವಾ ಬಿದಿರು 6. ಒಂದೊಂದು ಜೊತೆ ಬುಡದಲ್ಲಿ 3 ಅಡಿ ಅಂತರ, ತುದಿಯಲ್ಲಿ ಸೇರಿಸಿ ಕಟ್ಟು. ಮಡಿಯ ಎರಡು ತುದಿಗೆ, ನಡುವೆ, ಹೀಗೆ ಮೂರು ಜೊತೆ. ಒಂದೂವರೆ ಅಡಿ ನೆಲದೊಳಗೆ. ಹೂಳುವ ಭಾಗಕ್ಕೆ ಟಾರು ಅಥವಾ ಹಳೇ ಇಂಜಿನ್ ಎಣ್ಣೆ ಬಳಿಯುವವರಿದ್ದಾರೆ, ತರಕಾರಿ ಮಡಿಗೆ ಎಣ್ಣೆ ಬೇಡ, ತುದಿಯನ್ನು ಬೆಂಕಿಯಲ್ಲಿ ಕರಕಲು ಮಾಡಿದರೆ ಒಂದೆರಡು ವರ್ಷ ಬರುತ್ತದೆ. ಮೇಲೆ ಅಡ್ಡಕ್ಕೆ 11 ಅಡಿಯ ಒಂದು ಗಳ. ಕೆಳಗೆ ನೆಲದಿಂದ ಅರ್ಧ ಅಡಿ ಎತ್ತರದಲ್ಲಿ ಎರಡೂ ಬದಿಗೆ ತೆಂಗಿನ ನಾರಿನ ಹಗ್ಗ ಬಿಗಿದು, ಅಲ್ಲಿಂದ ಮೇಲಿನ ಗಳಕ್ಕೆ ಅರ್ಧ ಅಡಿಗೊಂದು ಸುತಲಿ. ಸುತಲಿ ಮಣ್ಣಿಗೆ ತಾಗಿದರೆ ಮಳೆಗಾಲದಲ್ಲಿ ಎರಡು ತಿಂಗಳಿಗೆ ಕೊಳೆತು ಬುಡದಲ್ಲೇ ಕಿತ್ತು ಬರುತ್ತದೆ, ಅದಕ್ಕೇ ಕೆಳಗೆ ನಾರಿನ ಹಗ್ಗ.

ಪ್ಲಾಸ್ಟಿಕ್ ಬಲೆಯೂ ನಡೆಯುತ್ತದೆ, ಕಣ್ಣು ನಾಲ್ಕಿಂಚಿಗಿಂತ ಕಡಿಮೆ ಇದ್ದರೆ ಕಾಯಿ ಕಣ್ಣಲ್ಲಿ ಸಿಕ್ಕಿ ಬಾಗುತ್ತದೆ. ಬೆಳೆ ಮುಗಿದ ಮೇಲೆ ಒಣ ಬಳ್ಳಿಯನ್ನು ಅದರಿಂದ ಬಿಡಿಸುವಷ್ಟು ತಾಳ್ಮೆ ನನಗಂತೂ ಇಲ್ಲ. ಸುತಲಿಯಾದರೆ ಬಳ್ಳಿ ಸಮೇತ ಕತ್ತರಿಸಿ ಗೊಬ್ಬರ ಗುಂಡಿಗೆ.

ಜೂನ್‌ನಲ್ಲಿ ಹಾಕುವುದಾದರೆ ಆಷಾಢದ ಗಾಳಿ ಲೆಕ್ಕದಲ್ಲಿರಲಿ. ತುಂಬಿದ ಬಳ್ಳಿ ಹಾಯಿ ಇದ್ದ ಹಾಗೆ. ಗಾಳಿ ಪಡುವಣದಿಂದ, ಆದ್ದರಿಂದ ಪಶ್ಚಿಮದ ಬದಿಯಲ್ಲಿ ಎರಡು ಗೂಟ ಹೊಡೆದು ಮೇಲಿನ ಗಳಕ್ಕೆ ಹಗ್ಗ ಎಳೆದು ಕಟ್ಟಿ. ಸಾಲು ಉತ್ತರ–ದಕ್ಷಿಣ ಇದ್ದರೆ ಎರಡೂ ಬದಿಗೆ ಬಿಸಿಲು ಹಂಚಿಕೆಯಾಗುತ್ತದೆ. ಬಳ್ಳಿ ಗಳ ಮುಟ್ಟಿದ ದಿನ ತುದಿ ಚಿವುಟಿ, ಇಲ್ಲದಿದ್ದರೆ ಮೇಲೆಯೇ ಗಂಟು ಹಾಕಿಕೊಂಡು ಅಲ್ಲೊಂದು ಗೂಡು ಮಾಡುತ್ತದೆ, ಕಾಯಿ ಎಟುಕುವುದಿಲ್ಲ.

---

ತಾರಸಿ ತರಕಾರಿ (ಬೆಂಗಳೂರು)

ಇದೇ ಎಳೆಯಲ್ಲಿ ಕೇಳಬಹುದಾ? ಮಹಡಿ ಮೇಲೆ ಗ್ರೋ ಬ್ಯಾಗಿನಲ್ಲಿ ಬಳ್ಳಿ ಬೀನ್ಸ್ ಆಗುತ್ತದೆಯೇ? ಜೋಳದ ದಂಟಿಗೆ ಬಿಟ್ಟರೆ ಕೋಲು ಬೇಡ ಅನ್ನುತ್ತಾರೆ, ನಿಜವೇ?

---

ಬಿದಿರುಗಳ (ಶಿರಸಿ)

ಆಗುತ್ತದೆ. 12 ಇಂಚು ಅಗಲ, 12 ಇಂಚು ಎತ್ತರದ ಬ್ಯಾಗು ಅಂದರೆ ಸುಮಾರು 20 ಲೀಟರ್ ಮಣ್ಣು. ಅದಕ್ಕೆ ಮೂರು ಬೀಜ, ಹೆಚ್ಚು ಬೇಡ. ಮಹಡಿಯಲ್ಲಿ ಕೋಲು ಹೂಳಲು ಆಗದಿದ್ದರೆ ಪೇಂಟ್ ಬಕೆಟ್ಟಿಗೆ ಕಾಂಕ್ರೀಟ್ ಹಾಕಿ ಕೋಲು ನಿಲ್ಲಿಸಿ, ಮೇಲೆ ಗೋಡೆಯ ಕೊಕ್ಕೆಗೆ ಹಗ್ಗ. ಬ್ಯಾಗಿಗೇ ಕೋಲು ಚುಚ್ಚಿದರೆ ಮೊದಲ ಗಾಳಿಗೆ ಬ್ಯಾಗು ಸಮೇತ ಮಗುಚುತ್ತದೆ. ಬಿಸಿಲ ದಿನಗಳಲ್ಲಿ ಬ್ಯಾಗಿಗೆ ದಿನವೂ ನೀರು ಬೇಕು. ಹೂ ಬಿಟ್ಟ ಮೇಲೆ ಒಂದು ದಿನ ತಪ್ಪಿದರೂ ಮೊಗ್ಗು ಉದುರುತ್ತದೆ.

ಮುಸುಕಿನ ಜೋಳಕ್ಕೆ ಬಿಡಬಹುದು, ಆದರೆ ಜೋಳ ಮೊಳಕಾಲೆತ್ತರ ಬಂದ ಮೇಲೆ ಬೀನ್ಸ್ ಬೀಜ ಹಾಕಬೇಕು, ಅಂದರೆ ಮೂರ್ನಾಲ್ಕು ವಾರ ತಡವಾಗಿ. ಒಟ್ಟಿಗೆ ಹಾಕಿದರೆ ಬಳ್ಳಿ ಜೋಳವನ್ನೇ ಎಳೆದು ಮಲಗಿಸುತ್ತದೆ. ಹೊಲದಲ್ಲಿ ರಾಗಿಯ ನಡುವೆ ಅವರೆ ಅಕ್ಕಡಿ ಹಾಕುತ್ತಾರಲ್ಲ, ಅದನ್ನು ಇದಕ್ಕೆ ಹೋಲಿಸಬೇಡಿ, ಅಲ್ಲಿ ಅವರೆ ರಾಗಿಯನ್ನು ಹತ್ತುವುದಕ್ಕಲ್ಲ, ಪಕ್ಕದ ಸಾಲಿನಲ್ಲಿ ತನ್ನ ಪಾಡಿಗೆ ಇರುತ್ತದೆ.

---

ಅಲಸಂಡೆ ಅಕ್ಕ (ಪುತ್ತೂರು)

ನಮ್ಮ ಕಡೆಯವರು ಓದುತ್ತಿದ್ದರೆ ಅವರಿಗೆ: ಕರಾವಳಿಯಲ್ಲಿ ಬೀನ್ಸಿನ ಹಿಂದೆ ಓಡಬೇಡಿ. ಡಿಸೆಂಬರ್–ಜನವರಿ ಬಿಟ್ಟರೆ ಇಲ್ಲಿನ ಸೆಖೆಗೆ ಅದು ಕಾಯಿ ಕಚ್ಚುವುದು ಕಷ್ಟ, ಮಳೆಗಾಲದಲ್ಲಿ ಕೊಳೆಯುತ್ತದೆ. ಅದೇ ಚಪ್ಪರಕ್ಕೆ ಉದ್ದ ಅಲಸಂಡೆ ಹಾಕಿ, 35 ಡಿಗ್ರಿಯಲ್ಲೂ ಕಾಯಿ ಕೊಡುತ್ತದೆ. ಅರ್ಕಾ ಮಂಗಳಾ ಬಳ್ಳಿ ತಳಿ, ಕಾಯಿ ಮೊಳಕ್ಕಿಂತ ಉದ್ದ. ನಮ್ಮ ಊರಿನ ಕೆಂಪು, ಬಿಳಿ ಅಲಸಂಡೆ ಬೀಜ ಸಿಕ್ಕಿದರೆ ಇನ್ನೂ ಒಳ್ಳೆಯದು.

ಇಲ್ಲಿನ ಮುರ (ಜಂಬಿಟ್ಟಿಗೆ) ಮಣ್ಣು ಹುಳಿ. ಚದರ ಮೀಟರಿಗೆ 50ರಿಂದ 100 ಗ್ರಾಂ ಸುಣ್ಣ, ಬೀಜ ಹಾಕುವ ಹದಿನೈದು ದಿನ ಮೊದಲು. ಸುಡುಮಣ್ಣು (ತರಗೆಲೆ, ಕಸಕಡ್ಡಿ ಜೊತೆ ಸುಟ್ಟ ಮಣ್ಣು) ಮಾಡುವವರು ಅದನ್ನೇ ಬುಡಕ್ಕೆ ಕೊಟ್ಟರೂ ಆಯಿತು. ಸುಣ್ಣ ಹಾಕಿದ ದಿನವೇ ಹಟ್ಟಿಗೊಬ್ಬರ ಹಾಕಬೇಡಿ, ಗೊಬ್ಬರದ ಸಾರ ಗಾಳಿಗೆ ಹೋಗುತ್ತದೆ.

ಅಲಸಂಡೆಗೆ ದೊಡ್ಡ ಶತ್ರು ಕರಿ ಹೇನು, ಎಳೆ ಕುಡಿ ಮತ್ತು ಕಾಯಿ ತೊಟ್ಟಿಗೆ ಕಾಡಿಗೆ ಬಳಿದ ಹಾಗೆ ಕೂರುತ್ತದೆ. ಇರುವೆ ಹತ್ತುತ್ತಿದ್ದರೆ ಹೇನು ಆಗಲೇ ಬಂದಿದೆ ಅಂತಲೇ ತಿಳಿಯಿರಿ, ಅವು ಹೇನಿನ ಸಿಹಿ ನೀರಿಗಾಗಿ ಕಾವಲು ಕೂರುತ್ತವೆ. ಮೊದಲು ಪೈಪಿನಿಂದ ಜೋರಾಗಿ ನೀರು ಹೊಡೆಯಿರಿ, ಮುಕ್ಕಾಲು ಪಾಲು ಅದರಲ್ಲೇ ಹೋಗುತ್ತದೆ. ಉಳಿದದ್ದಕ್ಕೆ ಒಂದು ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ, ಎಣ್ಣೆ ನೀರಿಗೆ ಬೆರೆಯಲು 2 ಮಿ.ಲೀ. ದ್ರವ ಸೋಪು. ಎಣ್ಣೆಗೆ ಮೊದಲು ಸೋಪು ಕಲಸಿ, ಆಮೇಲೆ ನೀರು. ಉಲ್ಟಾ ಮಾಡಿದರೆ ಎಣ್ಣೆ ಮೇಲೆ ತೇಲಿ, ಕೊನೆಯ ಗಿಡಕ್ಕೆ ಬರೀ ಎಣ್ಣೆ ಬಿದ್ದು ಎಲೆ ಸುಡುತ್ತದೆ. ಸಂಜೆ ಹೊಡೆಯಬೇಕು.

---

ಹಿತ್ತಲ ಮಡಿ (ತುಮಕೂರು)

ಎಲ್ಲರಿಗೂ ಧನ್ಯವಾದ. ಬಳ್ಳಿಯನ್ನು ಹೋಗಿ ನೋಡಿದೆ, ನಾನು ಕಟ್ಟಿದ್ದೆಲ್ಲ ಪ್ರದಕ್ಷಿಣೆ!

ಮಡಿ 1ರಲ್ಲಿ ಒಂದು ಬುಡ ಕಿತ್ತು ನೋಡಿದಾಗ ಬೇರಿನಲ್ಲಿ ಗಂಟುಗಳಿವೆ. ಒಳ್ಳೆಯ ಗಂಟೋ ಕೆಟ್ಟ ಗಂಟೋ ಹೇಗೆ ಗೊತ್ತಾಗುತ್ತದೆ? ಮತ್ತೆ ಫೆಬ್ರವರಿಯಲ್ಲಿ ಏಳೆಂಟು ಸಸಿ ಒಂದೊಂದಾಗಿ ಹಳದಿಯಾಗಿ ಸತ್ತವು, ಅದು ಮತ್ತೆ ಬಾರದಂತೆ ಏನು ಮಾಡಲಿ?

---

ಕಾಳುಬೀಜ (ಹಾಸನ)

ಗಂಟನ್ನು ಹೆಬ್ಬೆರಳಿಂದ ಪಕ್ಕಕ್ಕೆ ಉಜ್ಜಿ. ಸಾಸಿವೆ, ಜೋಳದ ಕಾಳಿನಷ್ಟು ದುಂಡಗೆ ಬೇರಿಗೆ ಅಂಟಿಕೊಂಡಿದ್ದು, ಉಜ್ಜಿದರೆ ಉದುರಿ ಬಂದರೆ ಒಳ್ಳೆಯದು. ಉಗುರಿನಿಂದ ಸೀಳಿದರೆ ಒಳಗೆ ನಸುಗೆಂಪು ಇದ್ದರೆ ಕೆಲಸ ಮಾಡುತ್ತಿದೆ. ಹಸಿರು, ಕಂದು ಆಗಿದ್ದರೆ ಅದರ ಕೆಲಸ ಮುಗಿದಿದೆ. ನಿಮ್ಮದು ನೂರು ದಿನದ ಬುಡ, ಕಂದು ಇದ್ದರೆ ಆಶ್ಚರ್ಯವಿಲ್ಲ. ಹಾಗಲ್ಲದೆ ಬೇರೇ ಅಲ್ಲಲ್ಲಿ ಊದಿಕೊಂಡು ಶುಂಠಿಯ ಹಾಗೆ ಗಂಟುಗಂಟಾಗಿ, ಉಜ್ಜಿದರೂ ಬಿಡದೆ ಇದ್ದರೆ ಅದು ಬೇರುಗಂಟಿನ ಜಂತು. ಹಾಗಿದ್ದರೆ ಬೇರು ಮಣ್ಣಲ್ಲಿ ಬಿಡಿ ಅಂದ ನನ್ನ ಮಾತು ರದ್ದು: ಪೂರ್ತಿ ಕಿತ್ತು ಸುಟ್ಟುಹಾಕಿ, ಮಡಿಗೆ ಬೇವಿನ ಹಿಂಡಿ 1 ಕೆ.ಜಿ. ಬೆರೆಸಿ, ಈ ಮಳೆಗಾಲ ಅಲ್ಲಿ ಚೆಂಡು ಹೂ ಹಾಕಿ, ಬೀನ್ಸನ್ನು ಬೇರೆ ಕಡೆ ಹಾಕಿ. ಟೊಮೆಟೊ, ಬದನೆ, ಬೆಂಡೆಯನ್ನೂ ಅಲ್ಲಿ ಒಂದು ವರ್ಷ ಬೇಡ.

ಸತ್ತ ಸಸಿ ಕಾಂಡ ನೊಣದ ಕೆಲಸ ಇರಬೇಕು. ಮೊದಲ ಮೂರು ವಾರ ಅದರ ಕಾಲ. ಸಣ್ಣ ಹೊಳೆಯುವ ಕಪ್ಪು ನೊಣ ಎಳೆ ಎಲೆಯಲ್ಲಿ ಮೊಟ್ಟೆ ಇಡುತ್ತದೆ, ಮರಿ ತೊಟ್ಟಿನ ಮೂಲಕ ಕಾಂಡದೊಳಗೆ ಇಳಿದು ನೆಲಮಟ್ಟಕ್ಕೆ ಬರುತ್ತದೆ. ಬುಡ ಊದಿ ಸಿಪ್ಪೆ ಬಿರಿದಿರುತ್ತದೆ. ಬ್ಲೇಡಿನಿಂದ ಉದ್ದಕ್ಕೆ ಸೀಳಿದರೆ ಸಿಪ್ಪೆಯ ಕೆಳಗೆ ಜೀರಿಗೆಗಿಂತ ಸಣ್ಣ ಕಂದು ಕೋಶ ಕಾಣುತ್ತದೆ. ಕಂಡ ಸಸಿಯನ್ನು ಕಿತ್ತು ಮಡಿಯಿಂದ ಆಚೆ ಹಾಕಿ, ಉಳಿದವಕ್ಕೆ 12–15ನೇ ದಿನ ಬೇಳೆ ಎಲೆಯವರೆಗೆ ಮಣ್ಣು ಏರಿಸಿ. ಕಾಂಡ ಅರ್ಧ ಹಾಳಾಗಿದ್ದರೂ ಏರಿಸಿದ ಮಣ್ಣಲ್ಲಿ ಹೊಸ ಬೇರು ಬಿಟ್ಟು ಬದುಕಿಕೊಳ್ಳುತ್ತದೆ. ಮೊಳಕೆಯಾದ 5ನೇ ದಿನದಿಂದ ವಾರಕ್ಕೊಮ್ಮೆ ಮೇಲೆ ಪುತ್ತೂರಿನವರು ಬರೆದ ಬೇವಿನೆಣ್ಣೆ, ಮೂರು ಸಲ. ಅರ್ಧ ಅಡಿಗೊಂದರ ಬದಲು ಎರಡು ಬೀಜ ಹಾಕಿ 15ನೇ ದಿನ ಒಂದನ್ನು ಕತ್ತರಿಸಿದರೆ ಸಾಲಿನಲ್ಲಿ ಖಾಲಿ ಬೀಳುವುದಿಲ್ಲ. ಕೀಳಬಾರದು, ಕತ್ತರಿಸಬೇಕು, ಕಿತ್ತರೆ ಪಕ್ಕದ್ದರ ಬೇರೂ ಬರುತ್ತದೆ.

ಮಳೆಗಾಲದ ಬೆಳೆಗೆ ನುಸಿ ಅಷ್ಟಾಗಿ ಕಾಡುವುದಿಲ್ಲ, ಆ ಜಾಗಕ್ಕೆ ಕಾಯಿಲೆ ಬರುತ್ತದೆ. ಎಲೆ ಕೆಳಗೆ ದಾಲ್ಚಿನ್ನಿ ಬಣ್ಣದ ಗುಳ್ಳೆ, ಬೆರಳಿಂದ ಒರೆಸಿದರೆ ಬೆರಳಿಗೆ ತುಕ್ಕು ಹತ್ತಿದರೆ ತುಕ್ಕು ರೋಗ. ಕೆಳಗಿನ ಒಂದಡಿ ಎಲೆ ತೆಗೆದು ಗಾಳಿ ಆಡಿಸಿ. ಹರಡುತ್ತಿದ್ದರೆ ನೀರಿನಲ್ಲಿ ಕರಗುವ ಗಂಧಕ ಲೀಟರಿಗೆ 2 ಗ್ರಾಂ. ಗಂಧಕವನ್ನು ಬೇವಿನೆಣ್ಣೆ ಹೊಡೆದ ಎರಡು ವಾರದೊಳಗೆ ಹೊಡೆಯಬೇಡಿ, 32 ಡಿಗ್ರಿ ಮೇಲಿನ ಬಿಸಿಲಲ್ಲೂ ಬೇಡ, ಎರಡಕ್ಕೂ ಎಲೆ ಸುಡುತ್ತದೆ. ಕಾಯಿ ಮೇಲೆ ಕುಳಿಬಿದ್ದ ಕಪ್ಪು ಚುಕ್ಕೆ ಚಿಬ್ಬು ರೋಗ. ಅದು ಬೀಜದಲ್ಲೇ ಬರುತ್ತದೆ, ಆ ಗಿಡದಿಂದ ಒಂದು ಕಾಳನ್ನೂ ಬೀಜಕ್ಕೆ ಇಡಬೇಡಿ. ಎಲೆ ಹಳದಿ–ಹಸಿರು ಚಿತ್ತಾರವಾಗಿ ಮುದುಡಿದರೆ ಬಿಳಿ ನೊಣ ತಂದ ನಂಜು. ಔಷಧಿ ಇಲ್ಲ, ಗಿಡ ಕೀಳಿ. ನೀರು ಬುಡಕ್ಕೆ ಮಾತ್ರ. ಎಲೆ ಒದ್ದೆ ಇರುವಾಗ ಕಾಯಿ ಬಿಡಿಸಲು ಹೋಗಬೇಡಿ, ಕೈಯಿಂದಲೇ ಸಾಲು ಪೂರ್ತಿ ರೋಗ ಹಂಚಿ ಬರುತ್ತೀರಿ.

ಕೊಯ್ಲು 55–60 ದಿನಕ್ಕೆ ಶುರು. ಕಾಯಿ ಮುರಿದರೆ ಟಪ್ ಅನ್ನಬೇಕು, ಹೊರಗಿನಿಂದ ಕಾಳಿನ ಉಬ್ಬು ಕಾಣಬಾರದು. ಎರಡು–ಮೂರು ದಿನಕ್ಕೊಮ್ಮೆ ತಪ್ಪದೆ ಬಿಡಿಸಿ. ನಾಲ್ಕು ಕಾಯಿ ಮರೆತು ಬಲಿತರೆ ಬಳ್ಳಿ ಬೀಜ ಮಾಡುವುದಕ್ಕೆ ತಿರುಗುತ್ತದೆ, ಹೊಸ ಹೂ ಕಡಿಮೆಯಾಗುತ್ತದೆ. ಒಂದು ಕೈಯಲ್ಲಿ ಗೊಂಚಲು ಹಿಡಿದು ಇನ್ನೊಂದರಲ್ಲಿ ಕಾಯಿ ಚಿವುಟಿ. ಎಳೆದರೆ ಅದೇ ಗೊಂಚಲಿನ ಮುಂದಿನ ಮೊಗ್ಗು ಸಮೇತ ಬರುತ್ತದೆ.

---

ಚಿಗುರು ಚಿವುಟು (ಮೈಸೂರು)

ಬ್ರಷ್ ವಾಪಸ್ ತೆಗೆದುಕೊಂಡೆ. ಬೀಜಕ್ಕೆ ಬಿಡುವುದಾದರೆ ಹೇಗೆ? ಒಣಕಾಳನ್ನು ತಿನ್ನಬಹುದಾ?

---

ಅಲಸಂಡೆ ಅಕ್ಕ (ಪುತ್ತೂರು)

ಸಾಲಿನ ಕೊನೆಯ ಎರಡು ಆರೋಗ್ಯವಂತ ಗಿಡವನ್ನು ಮೊದಲಿಂದಲೇ ಬೀಜಕ್ಕೆ ಅಂತ ಬಿಡಿ, ಅವುಗಳಿಂದ ಕಾಯಿ ಬಿಡಿಸಬೇಡಿ. ಬಳ್ಳಿಯಲ್ಲೇ ಒಣಗಿ, ಅಲ್ಲಾಡಿಸಿದರೆ ಗಿಲಕಿಯ ಸದ್ದು ಬರಬೇಕು. ಮಳೆ ಹಿಡಿದರೆ ಹಳದಿ ಕಾಯಿಯನ್ನೇ ಕೊಯ್ದು ಮನೆಯೊಳಗೆ ನೇತುಹಾಕಿ. ಸುಲಿದ ಮೇಲೆ ನೆರಳಲ್ಲಿ ಒಂದು ವಾರ. ಹಲ್ಲಲ್ಲಿ ಕಚ್ಚಿದರೆ ಗುರುತು ಬೀಳಬಾರದು. ಒಣ ಬೂದಿ ಬೆರೆಸಿ ಗಾಜಿನ ಶೀಶೆಗೆ. ಬೀನ್ಸ್ ತನ್ನ ಪರಾಗದಿಂದಲೇ ಕಾಯಿ ಕಚ್ಚುವುದರಿಂದ ತಳಿ ಕಲಬೆರಕೆಯ ಭಯ ಕಡಿಮೆ.

ತಿನ್ನಬಹುದು, ರಾಜ್ಮಾ ಕೂಡ ಇದರದ್ದೇ ಜಾತಿ. ಆದರೆ ಬಲಿತ ಕಾಳನ್ನು ಎಂಟು ಗಂಟೆ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕನಿಷ್ಠ 10 ನಿಮಿಷ ಕೊತಕೊತ ಕುದಿಸಲೇಬೇಕು. ಅರೆಬೆಂದ ಕಾಳಿಗೆ ವಾಂತಿ, ಭೇದಿ ಖಚಿತ. ಕುಕ್ಕರಿನಲ್ಲಿ ಬೇಯಿಸಿದರೆ ಚಿಂತೆ ಇಲ್ಲ.

---

ಹಿತ್ತಲ ಮಡಿ (ತುಮಕೂರು)

ಬೇರಿನ ಗಂಟು ಉಜ್ಜಿದರೆ ಉದುರಿತು. ಒಳಗೆ ಕಂದು. ಹಾಗಾದರೆ ಜೂನ್ 15ಕ್ಕೆ ಅದೇ ಮಡಿಯಲ್ಲಿ ಹಾಕುತ್ತೇನೆ. ಎರಡು ಬದಿಗೂ ಒಟ್ಟಿಗೆ ಬೀಜ ಹಾಕಲೇ? ಮನೆಯಲ್ಲಿ ನಾಲ್ಕು ಜನ. ಸುತಲಿ ಎಷ್ಟು ತರಬೇಕು?

---

ಬಿದಿರುಗಳ (ಶಿರಸಿ)

ಒಟ್ಟಿಗೆ ಬೇಡ. ಒಂದು ಬದಿಗೆ 20 ಗಿಡ ಬರುತ್ತದೆ, ನಾಲ್ಕು ಜನಕ್ಕೆ ಸಾಕು. ಪೂರ್ವದ ಬದಿ ಜೂನ್ 15ಕ್ಕೆ, ಪಶ್ಚಿಮದ ಬದಿ ಜುಲೈ 7ರ ಸುಮಾರಿಗೆ. ಮೊದಲನೆಯದು ಕಾಯಿ ಕಡಿಮೆ ಮಾಡುವ ಹೊತ್ತಿಗೆ ಎರಡನೆಯದು ಏರಿಕೆಯಲ್ಲಿರುತ್ತದೆ.

ಸುತಲಿ: ಒಂದೆಳೆಗೆ ಗಂಟು ಸೇರಿ ಏಳೂವರೆ ಅಡಿ, ಬದಿಗೆ 21 ಎಳೆ, ಎರಡು ಬದಿಗೆ 42. ಲೆಕ್ಕ ಹಾಕಿದರೆ 315 ಅಡಿ. 100 ಮೀಟರಿನ ಒಂದು ಉಂಡೆ ತನ್ನಿ, ಸ್ವಲ್ಪ ಉಳಿಯುತ್ತದೆ. ನಾರಿನ ಹಗ್ಗ ಕೆಳಗಿನ ಎರಡು ಬದಿಗೆ 25 ಅಡಿ, ಗಾಳಿಗೆ ಎಳೆದು ಕಟ್ಟಲು 20 ಅಡಿ. ತೀರಾ ತೆಳು ಸುತಲಿ ಬೇಡ, ಪೆನ್ಸಿಲ್ ಕಡ್ಡಿಯಷ್ಟು ದಪ್ಪ ಇರಲಿ. ಚೌಕಟ್ಟು ಬೀಜಕ್ಕೆ ಮೊದಲೇ ನಿಲ್ಲಿಸಿ. ಸಸಿ ಬಂದ ಮೇಲೆ ಗುಂಡಿ ತೋಡಿದರೆ ಹೋಗುವುದು ಅದರ ಬೇರೇ.